ಎರಡು ಕಪ್ಪು

ಪೆಟ್ಟಿಗೆ ತನ್ನೆದುರಿಗೆ ಬಂದಾಗ ಓವಿಡ್ ಪೆಲ್ಟಿಯರ್ ಒಳಗೆ ಕೈಹಾಕಿ ಬೆರಳಲ್ಲೇ ತಡಕಿದ. ಮತ ಹಾಕುವ ಕಾಯಿಗಳಲ್ಲಿ ಬಿಳಿಯವು ಗೋಲಿಯಂತೆ ಗುಂಡಗಿದ್ದವು, ಕಪ್ಪನೆಯವು ಚೌಕ. ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದ ಕೈಗೆ ಮೂಲೆ ಗುರುತಿಸುವುದು ಕಷ್ಟವೇ? ಚೌಕದ್ದೊಂದನ್ನು ಎತ್ತಿ ಆಚೆಯ ತೂತಿನಲ್ಲಿ ಇಳಿಬಿಟ್ಟು, ಪೆಟ್ಟಿಗೆಯನ್ನು ಪಕ್ಕದವನಿಗೆ ದಾಟಿಸಿದ.

ಊರಿನವರಿಗೆ ನೆರವಾಗುತ್ತ ಬಂದ ಆ ಸೋದರಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಪದ್ಧತಿಯೇ ಹಾಗೆ. ಬಿಳಿ ಎಂದರೆ ಒಪ್ಪಿಗೆ, ಕಪ್ಪು ಎಂದರೆ ಬೇಡ; ಒಂದೇ ಒಂದು ಕಪ್ಪು ಬಿದ್ದರೂ ಅರ್ಜಿ ಮುಗಿಯಿತು. ಯಾರು ಹಾಕಿದರೆಂದು ಯಾರೂ ಕೇಳುವಂತಿಲ್ಲ, ಹಾಕಿದವನು ಹೇಳುವಂತಿಲ್ಲ. ಆದರೆ ಅಮೆರಿಕದ ಮೇನ್ ರಾಜ್ಯದ ಆ ಗಿರಣಿ ಊರಲ್ಲಿ ಕಪ್ಪು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಕಾಗದದ ಗಿರಣಿ ಮುಚ್ಚಿದ ಮೇಲೆ ಸೇರಲು ಬರುವವರೇ ಇಲ್ಲ, ಇನ್ನು ಬೇಡ ಅನ್ನುವುದು ಯಾರಿಗೆ?

ಉಳಿದವರು ಹನ್ನೊಂದು ಜನ. ಹತ್ತಕ್ಕಿಂತ ಕಡಿಮೆಯಾದರೆ ನದಿಯಾಚೆಯ ಊರಿನ ಸಂಘದ ಜೊತೆ ಸೇರಿಸಿಬಿಡುತ್ತೇವೆಂದು ಸಂಘದ ಕೇಂದ್ರ ಕಚೇರಿಯಿಂದ ಕಾಗದ ಬಂದಿತ್ತು. ಅಧ್ಯಕ್ಷ ಮರ್ಲ್ ಹ್ಯಾಸ್ಕೆಲ್ ಚಳಿಗಾಲವಿಡೀ ಓಡಾಡಿದ. ಕರಪತ್ರ ಹಂಚಿದ, ಶನಿವಾರದ ಬೀನ್ಸ್ ಊಟಕ್ಕೆ ಊರಿನ ಪಡ್ಡೆಗಳನ್ನೆಲ್ಲ ಕರೆದ. ಅವರು ಬಂದರು, ಹೊಟ್ಟೆ ತುಂಬ ತಿಂದರು, ತಟ್ಟೆ ತೊಳೆದಿಟ್ಟು ಹೋದರು. ಅಂಥ ಹೊತ್ತಿನಲ್ಲಿ ಕ್ರೇಗ್ ಡಾಗೆಟ್ ತಾನಾಗಿ ಬಂದು ಅರ್ಜಿ ಕೊಟ್ಟಿದ್ದ. ತಾನು ಸೇರಿದರೆ ತನ್ನ ಹಿಂದೆ ಹದಿನೆಂಟು ಜನ ಬರುತ್ತಾರೆ, ಸೋರುವ ಚಾವಣಿಯನ್ನೂ ತಾನೇ ಹೊದಿಸಿಕೊಡುತ್ತೇನೆ ಎಂದಿದ್ದ. ಸಭೆಯ ದಿನ ಮರ್ಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ಡಾಗೆಟ್ ಎಂದರೆ ಗುಡ್ಡದ ಬದಿಯ ಟ್ರೇಲರ್ ಪಾರ್ಕಿನ ಮಾಲೀಕ. ಅಲ್ಲಿನ ತಗಡು ಮನೆಗಳು ಅಲ್ಲಿದ್ದವರವೇ, ಕೆಳಗಿನ ನೆಲ ಮಾತ್ರ ಅವನದು. ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದ ಯೂನಿಸ್ ಲಿಬ್ಬಿ ಅಲ್ಲೇ ಇದ್ದಳು. ಸಕ್ಕರೆ ಕಾಯಿಲೆಗೆ ಅವಳ ಎಡಗಾಲು ಹೋದಾಗ, ಅಕ್ಟೋಬರಿನಲ್ಲಿ ಓವಿಡ್ ಮುಂದೆ ನಿಂತು, ಸಂಘದ ನಾಲ್ಕು ಜನ ಸೇರಿ, ಅವಳ ಬಾಗಿಲಿಂದ ಗಾಲಿಕುರ್ಚಿ ಇಳಿಯುವಂತೆ ಮರದ ರ‍್ಯಾಂಪ್ ಕಟ್ಟಿಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಓವಿಡ್ ನೋಡಲು ಹೋದರೆ ರ‍್ಯಾಂಪ್ ಇರಲಿಲ್ಲ. ಡಾಗೆಟ್‌ನ ಕಡೆಯವರು ಗರಗಸ ಹಾಕಿ ತುಂಡು ಮಾಡಿದ ಹಲಗೆಗಳನ್ನು ಸೌದೆಯಂತೆ ಮನೆಯ ಪಕ್ಕ ಒಟ್ಟಿದ್ದರು. ಯೂನಿಸ್ ಕಿಟಕಿಯಲ್ಲಿ ಕೂತಿದ್ದಳು. ಆರು ವಾರವಾಯಿತು ಹೊರಗೆ ಹೋಗಿ, ಆಂಬುಲೆನ್ಸಿನವರು ಒಮ್ಮೆ ಹೊತ್ತುಕೊಂಡು ಹೋದದ್ದು ಬಿಟ್ಟರೆ, ಅಂದಳು.

ಓವಿಡ್ ಡಾಗೆಟ್‌ನ ಆಫೀಸಿಗೇ ಹೋಗಿದ್ದ. ಡಾಗೆಟ್ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ನಯವಾಗಿಯೇ ಮಾತಾಡಿದ. ಎಲ್ಲ ಮನೆಗಳ ಮುಂಭಾಗ ಒಂದೇ ಥರ ಇರಬೇಕೆಂದು ನಿಯಮವಿದೆ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಕೆಳಮಹಡಿಯ ಮನೆ ಹುಡುಕಿಕೊಂಡರೆ ಆಕೆಗೇ ಅನುಕೂಲ ಎಂದ. ಓವಿಡ್ ಅದನ್ನೆಲ್ಲ ಮರ್ಲ್‌ಗೆ ಹೇಳಿದ. ಎಲ್ಲರಿಗೂ ತಿಳಿಸುತ್ತೇನೆ, ನೀನು ಸುಮ್ಮನಿರು ಎಂದಿದ್ದ ಮರ್ಲ್.

ಈಗ ಮರ್ಲ್ ಪೆಟ್ಟಿಗೆಯ ಅಡಿಯ ಖಾನೆ ಎಳೆದು ನೋಡಿದ. ಹತ್ತು ಬಿಳಿ, ಒಂದು ಕಪ್ಪು. ಎಲ್ಲರಿಗೂ ವಯಸ್ಸಾಗಿದೆ, ಕೈತಪ್ಪಿ ಬಿದ್ದಿರಬೇಕು, ನಿಯಮದಂತೆ ಇನ್ನೊಂದು ಸುತ್ತು ಹಾಕೋಣ ಎಂದ. ಹಾಕುವ ಮುಂಚೆ ಹತ್ತು ನಿಮಿಷ ಮಾತಾಡಿದ. ತನ್ನಪ್ಪ ಈ ಸಭಾಂಗಣದ ನೆಲ ಹಾಸಿದ್ದು, ಗಿರಣಿಯಲ್ಲಿ ಸತ್ತವರ ಮಕ್ಕಳಿಗೆ ಸಂಘ ಬೂಟು ಕೊಡಿಸಿದ್ದು, ಇದೆಲ್ಲ ತಮ್ಮ ಕಾಲಕ್ಕೇ ಮುಗಿಯಬೇಕೇ ಎಂದು ಕೇಳುವಾಗ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಾಟಕವಲ್ಲ ಅದು. ಓವಿಡ್ ಒಂದು ಗಳಿಗೆ ಆ ನೆಲವನ್ನೇ ನೋಡಿದ. ಆದರೂ ಪೆಟ್ಟಿಗೆ ಬಂದಾಗ ಅವನ ಬೆರಳು ಮತ್ತೆ ಮೂಲೆಯನ್ನೇ ಹುಡುಕಿತು.

ಮರ್ಲ್ ಖಾನೆ ಎಳೆದ. ಒಂಬತ್ತು ಬಿಳಿ, ಎರಡು ಕಪ್ಪು.

"ಯಾರಯ್ಯಾ ಅದು?" ಎಂದ ಮರ್ಲ್. "ಧೈರ್ಯ ಇದ್ರೆ ಎದ್ದು ನಿಂತು ಹೇಳ್ಲಿ."

"ಅದನ್ನ ಕೇಳೋ ಹಾಗಿಲ್ಲ, ಮರ್ಲ್," ಎಂದು ಕಾರ್ಯದರ್ಶಿ ಡೆಲ್ಬರ್ಟ್ ಮೆಲ್ಲಗೆ ನೆನಪಿಸಿದ.

ಓವಿಡ್ ಎದ್ದು ನಿಂತ. ಮಂಡಿ ಲಟಕ್ಕೆಂದಿತು. "ಒಂದು ನಂದು. ಇನ್ನೊಂದು ಯಾರ್ದು ಅಂತ ನಂಗೊತ್ತಿಲ್ಲ, ಗೊತ್ತಾಗೋದೂ ಬೇಡ."

"ತಲೆ ನೆಟ್ಟಗಿದೆಯಾ ನಿಂಗೆ? ಹದಿನೆಂಟು ಜನ ಕಣೋ. ಅಷ್ಟು ಕೈ ಸೇರಿದ್ರೆ ವರ್ಷಕ್ಕೆ ಐವತ್ತು ರ‍್ಯಾಂಪ್ ಕಟ್ಬಹುದು. ಒಂದರ ಹಟಕ್ಕೆ ಐವತ್ತು ಕಳೀತಿದ್ದೀಯ."

"ಆ ಹದಿನೆಂಟೂ ಅವನ ಜನ. ಐವತ್ತೂ ಅವನು ಕಟ್ಟು ಅಂದ ಕಡೆ ಕಟ್ಬೇಕಾಗುತ್ತೆ, ಕೀಳು ಅಂದ ದಿನ ಕೀಳ್ಬೇಕಾಗುತ್ತೆ. ಯೂನಿಸ್ ಮನೇದು ಕಿತ್ತಾಗ ನೀನೇನು ಮಾಡ್ದೆ?"

ಡೆಲ್ಬರ್ಟ್ ಬರೆಯುವುದು ನಿಲ್ಲಿಸಿ ತಲೆ ಎತ್ತಿದ. "ಕಿತ್ರಾ? ರಿಪೇರಿ ನಡೀತಿದೆ ಅಂದಿದ್ಯಲ್ಲ, ಮರ್ಲ್?"

ಮರ್ಲ್ ಅವನ ಕಡೆ ನೋಡಲಿಲ್ಲ. "ಅದು ಡಾಗೆಟ್‌ನ ಜಾಗ. ಅಲ್ಲಿ ಏನಿರ್ಬೇಕು ಏನಿರ್ಬಾರ್ದು ಅನ್ನೋದು ಅವನಿಷ್ಟ."

"ಹೌದಪ್ಪ, ಅದು ಅವನ ಜಾಗ," ಎಂದ ಓವಿಡ್. "ಇದು ನಮ್ಮದು."

ಆಮೇಲೆ ಮರ್ಲ್ ನಿಯಮದ ಪುಸ್ತಕ ತೆರೆದು, ತನ್ನ ಮತವನ್ನು ಬಾಯಿಬಿಟ್ಟು ಹೇಳಿದವನನ್ನು ಆರು ತಿಂಗಳು ಹೊರಗಿಡಬಹುದು ಎಂಬ ಸಾಲನ್ನು ಓದಿದ. ಓದುವಾಗ ಅವನ ಕನ್ನಡಕ ಜಾರುತ್ತಿತ್ತು. ಓವಿಡ್ ಕೊರಳಲ್ಲಿದ್ದ ಸಂಘದ ನೀಲಿ ಪಟ್ಟಿ ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟ. ಶನಿವಾರ ಬೆಳಿಗ್ಗೆ ಯೂನಿಸ್ ಮನೆಗೆ ಹೋಗ್ತಿದ್ದೀನಿ, ಸುತ್ತಿಗೆ ಹಿಡಿಯೋಕೆ ಯಾರ ಸದಸ್ಯತ್ವವೂ ಬೇಕಿಲ್ಲ ಎಂದು ಹೇಳಿ ಬಾಗಿಲ ಕಡೆ ನಡೆದ.

ಮುಂದಿನ ನಾಲ್ಕು ದಿನ ಅವನಿಗೆ ಯಾರ ಫೋನೂ ಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎದುರಾದ ಸಂಘದ ಇಬ್ಬರು ಮೊಳೆಗಳ ಡಬ್ಬ ನೋಡುವವರಂತೆ ಮುಖ ತಿರುಗಿಸಿದರು. ಅವನಿಗೆ ನೋಯಲಿಲ್ಲವೆಂದಲ್ಲ. ಬೇಕಾದ ಹಲಗೆಗಳನ್ನು ಅಳತೆ ಮಾಡಿ ಕೊಯ್ಯಿಸಿದ.

ಶನಿವಾರ ಎಂಟಕ್ಕೆ ಅವನು ಕಂಬಕ್ಕೆ ಗುಂಡಿ ತೋಡುತ್ತಿರುವಾಗ ಪಾರ್ಕಿನ ಮ್ಯಾನೇಜರ್ ಬಂದ. ಇದಕ್ಕೆ ಅನುಮತಿ ಇಲ್ಲ, ಕಟ್ಟಿದರೆ ಮತ್ತೆ ಕಿತ್ತು ಹಾಕುತ್ತೇವೆ ಎಂದ.

"ಕೀಳಿ," ಎಂದ ಓವಿಡ್, ಗುದ್ದಲಿ ನಿಲ್ಲಿಸದೆ. "ಬರೋ ಶನಿವಾರ ಮತ್ತೆ ಬರ್ತೀನಿ. ಅದರ ಮುಂದಿನ ಶನಿವಾರವೂ ನಂಗೇನು ಕೆಲಸ ಇಲ್ಲ."

ಒಂಬತ್ತರ ಹೊತ್ತಿಗೆ ಡೆಲ್ಬರ್ಟ್‌ನ ಟ್ರಕ್ ಬಂದು ನಿಂತಿತು. ಅವನು ಗರಗಸ ಇಳಿಸಿಕೊಂಡು ಹತ್ತಿರ ಬಂದು, ಮುಖ ಗಂಟಿಕ್ಕಿಕೊಂಡೇ ಹೇಳಿದ: "ನಾನು ಎರಡು ಸಲವೂ ಬಿಳೀದೇ ಹಾಕಿದ್ದು. ಈಗ್ಲೂ ನೀನು ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ."

"ಆ ತುದಿ ಹಿಡ್ಕೊ," ಎಂದ ಓವಿಡ್.

ಹತ್ತಕ್ಕೆ ಇನ್ನಿಬ್ಬರು ಬಂದರು. ಮತದ ಮಾತನ್ನು ಅವರು ಎತ್ತಲಿಲ್ಲ, ಇವನೂ ಕೇಳಲಿಲ್ಲ. ಮರ್ಲ್ ಬರಲಿಲ್ಲ. ಮ್ಯಾನೇಜರ್ ಒಂದು ಪುಸ್ತಕ ತಂದು, ನಾಲ್ಕು ಟ್ರಕ್‌ಗಳ ನಂಬರನ್ನೂ ಒಂದೊಂದಾಗಿ ಬರೆದುಕೊಳ್ಳತೊಡಗಿದ. ಓವಿಡ್ ತನ್ನ ಹೆಸರಿನ ಕಾಗುಣಿತವನ್ನೂ ಹೇಳಿಕೊಟ್ಟ, ಫ್ರೆಂಚ್ ಹೆಸರು, ತಪ್ಪು ಬರೆದುಕೊಂಡರೆ ಚೆನ್ನಾಗಿರಲ್ಲ ಎಂದು.

ಎರಡು ಗಂಟೆಗೆ ಕೊನೆಯ ಹಲಗೆ ಕೂತಿತು. ಪಕ್ಕದಲ್ಲಿ ಕೈಹಿಡಿಯುವ ಕಟಾಂಜನ ಇನ್ನೂ ಬಾಕಿಯಿತ್ತು, ಸ್ವಲ್ಪ ತಾಳಮ್ಮಾ ಎಂದು ಡೆಲ್ಬರ್ಟ್ ಹೇಳುತ್ತಿದ್ದ ಹಾಗೆಯೇ ಯೂನಿಸ್ ಬಾಗಿಲು ತೆರೆದಳು. ಕೆಂಪು ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ತಯಾರಾಗಿದ್ದಳು. ಯಾರ ಕೈಯನ್ನೂ ಹಿಡಿಯದೆ, ಎರಡು ಚಕ್ರಗಳನ್ನೂ ಅಂಗೈಯಲ್ಲಿ ಬಿಗಿ ಹಿಡಿದು ಇಂಚಿಂಚಾಗಿ ಇಳಿದಳು. ಕೆಳಗೆ ಡಾಂಬರಿನ ದಾರಿಯ ನಡುವೆ ಮ್ಯಾನೇಜರ್ ಪುಸ್ತಕ ತೆರೆದುಕೊಂಡು ನಿಂತಿದ್ದ. ಅವಳು ವೇಗ ಕಡಿಮೆ ಮಾಡಲಿಲ್ಲ. ಅವನು ಹುಲ್ಲಿಗೆ ಇಳಿದು ದಾರಿ ಬಿಟ್ಟ. ಗಾಲಿಕುರ್ಚಿ ಗೇಟು ದಾಟಿ ನದಿಯ ರಸ್ತೆಗೆ ತಿರುಗಿತು.