ಮಲ್ಲಿಗೆಯ ಬುಡದ ಬಿಳಿ ಪುಡಿ

ಮಹಾನಗರದಂಚಿನ ಕಾಮೋಠೆಯ ಆ ನಾಲ್ಕನೇ ಮಹಡಿಯ ಮನೆಯಲ್ಲಿ ಬೆಳಿಗ್ಗೆ ಮೊದಲ ಉಪಚಾರ ಬಾಲ್ಕನಿಯ ಮಲ್ಲಿಗೆ ಗಿಡಕ್ಕೆ. ಗಂಡ ವಸಂತನ ಕಾಫಿ, ಅತ್ತೆ ಅಲಮೇಲಮ್ಮನವರ ಮಾತ್ರೆ, ತನ್ನ ಊಟದ ಡಬ್ಬಿ, ಎಲ್ಲ ಆಮೇಲೆ. ಸರಳಾ ಕಣ್ಣುಜ್ಜಿಕೊಂಡು ಎದ್ದವಳೇ ಬಕೆಟ್ಟಿನ ನೀರಿಗೆ ನಿಂಬೆಹಣ್ಣು ಹಿಂಡಿ, ಕಾಗದದ ಪಟ್ಟಿ ಅದ್ದಿ, ಬಣ್ಣ ಸರಿಬಂದರೆ ಮಾತ್ರ ಗಿಡಕ್ಕೆ ಹಾಕುತ್ತಿದ್ದಳು. ಸಾರಿಗೆ ಹುಳಿ ಸಾಕಾಯಿತೇ ಎಂದು ಮನೆಯವರ ಮುಖ ನೋಡಿ ನೋಡಿ ಅರ್ಧ ಆಯುಷ್ಯ ಕಳೆದಿತ್ತು. ಈಗ ಗಿಡದ ಮುಖವನ್ನೂ ನೋಡಬೇಕಾಗಿ ಬಂದಿತ್ತು.

ಅದು ಮೈಸೂರಿನ ಗಿಡ. ಅವಳ ಅಮ್ಮ ಹಿತ್ತಲಿನ ಬಳ್ಳಿಯಿಂದ ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದು. ಅಮ್ಮ ತೀರಿಕೊಂಡ ಮೇಲೆ ಅಣ್ಣ ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಿಕೊಂಡ. ಆ ಬಳ್ಳಿಯ ಕುಡಿ ಅಂತ ಈ ಲೋಕದಲ್ಲಿ ಉಳಿದದ್ದು ಇದೊಂದೇ. ಇದೂ ಹೋದರೆ ಅಮ್ಮನ ಮನೆಯದೆನ್ನುವುದು ತನ್ನ ಹತ್ತಿರ ಏನೂ ಇರುವುದಿಲ್ಲ ಎಂಬ ಭಯ ಸರಳಾಳಿಗೆ. ಅಂಥ ಗಿಡದ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿ ತಿರುಗಿದ್ದವು. ಮೊಗ್ಗು ಬಿಡುವುದು ಎಂದೋ ನಿಂತಿತ್ತು.

ತಪ್ಪು ನೀರಿನದು ಎಂದು ಹೇಳಿದವನು ಆಫೀಸಿನ ಅಭಿಜಿತ್. ಮನೆಯಲ್ಲಿ ಮೀನು ಸಾಕುವ ಹುಚ್ಚಿನವನು, ನೀರಿನ ಹುಳಿ, ಕ್ಷಾರ ತಿಳಿಸುವ ಪಿಎಚ್ ಪಟ್ಟಿಗಳನ್ನು ಕೊಟ್ಟವನೂ ಅವನೇ. ಸೊಸೈಟಿಯ ಬೋರ್‌ವೆಲ್ ನೀರು, ಟ್ಯಾಂಕರಿನ ನೀರು ಎಲ್ಲ ಕಲೆತು ನಲ್ಲಿಗೆ ಬರುತ್ತದೆ, ಅದರಲ್ಲಿ ಕ್ಷಾರ ಜಾಸ್ತಿ, ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ ಎಂದು ಲೋಕಲ್ ಟ್ರೈನಿನಲ್ಲಿ ನೇತಾಡುತ್ತಲೇ ವಿವರಿಸಿದ್ದ. ಪಟ್ಟಿ ಅದ್ದಿದರೆ ಕಡುಹಸಿರು, ಅಂದರೆ ಕ್ಷಾರವೇ. ಅಂದಿನಿಂದ ಈ ನಿಂಬೆಹಣ್ಣಿನ ಸೇವೆ. ಬೇಸಿಗೆ ಕಳೆದರೂ ಗಿಡ ಜಪ್ಪೆನ್ನಲಿಲ್ಲ. ಸ್ಟೇಷನ್ ಎದುರಿಗೆ ಕಟ್ಟಿದ ಮಲ್ಲಿಗೆಯ ಗಜರಾ ಸಿಗುತ್ತಲ್ಲ, ಇದಕ್ಕೆ ಯಾಕೆ ಇಷ್ಟು ಒದ್ದಾಡುತ್ತೀ ಎಂದು ವಸಂತ ಒಮ್ಮೆ ಹೇಳಿದ. ಅವಳು ಇನ್ನೊಂದು ನಿಂಬೆಹಣ್ಣು ಕತ್ತರಿಸಿದಳು.

ಒಂದು ಭಾನುವಾರ ಬೇಸತ್ತು, ಪಟ್ಟಿಯೂ ಬೇಡ ಬಕೆಟ್ಟೂ ಬೇಡ ಎಂದು ಅರ್ಧ ಹೋಳನ್ನು ನೇರ ಕುಂಡದ ಮಣ್ಣಿಗೇ ಹಿಂಡಿದಳು. ಮಣ್ಣು ಬುಸುಬುಸು ನೊರೆಯೆದ್ದಿತು. ಬಗ್ಗಿ ಕೆದರಿದರೆ ಮೇಲಿನ ಮಣ್ಣಿನ ಕೆಳಗೆ ಬಿಳಿಯ ಹೆಪ್ಪು. ಇದೆಲ್ಲಿಂದ ಬಂತು ಎಂದು ಅವಳು ನೋಡುತ್ತಿರುವಾಗಲೇ ಅತ್ತೆ ಬಟ್ಟೆಯ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು, ಒಳಗಿದ್ದ ರಂಗೋಲಿ ಪುಡಿಯನ್ನು ಗಿಡದ ಬುಡಕ್ಕೆ ಸುರಿದು, ಕಣ್ಣಿಗೊತ್ತಿಕೊಂಡರು.

ಬಾಗಿಲಿಗೆ ರಂಗೋಲಿಯ ಸ್ಟಿಕ್ಕರು ಅಂಟಿಸಿದ ಮನೆ ಅದು. ಅಲಮೇಲಮ್ಮನವರ ಪಾಲಿಗೆ ಉಳಿದಿದ್ದದ್ದು ದೇವರ ಮುಂದಿನ ಮಣೆ ಮಾತ್ರ. ಗ್ಯಾಸ್ ಮುಟ್ಟಬೇಡಿ, ಲಿಫ್ಟಿನಲ್ಲಿ ಒಬ್ಬರೇ ಹೋಗಬೇಡಿ ಎಂದು ಒಂದೊಂದೇ ಕೆಲಸ ಬಿಡಿಸಿ ಆಗಿತ್ತು. ದಿನಾ ಬೆಳಿಗ್ಗೆ ಮಣೆಯ ಮೇಲೆ ಎಳೆ ಎಳೆಯುವುದು, ಮರುದಿನ ಅದನ್ನು ಪೊರಕೆ ತಾಗಿಸದೆ ಬಟ್ಟೆಯಲ್ಲಿ ಬಳಿದು, ಕಸಕ್ಕೆ ಹಾಕಬಾರದೆಂದು ಸರಳಾ ಆಫೀಸಿಗೆ ಹೋದ ಮೇಲೆ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚುವುದು, ಇಷ್ಟೇ ಅವರದು. ಅಂಗಡಿಯ ಆ ಪುಡಿ ಅಪ್ಪಟ ಸುಣ್ಣಕಲ್ಲಿನದು, ನಿಂಬೆಯ ಹುಳಿಯನ್ನೆಲ್ಲ ಕೊಲ್ಲುವ ಕ್ಷಾರ.

"ನಾನು ಇಲ್ಲಿ ಹುಳಿ ಹಿಂಡಿ ಸಾಯ್ತಿದ್ರೆ ನೀವು ಸುಣ್ಣ ಸುರೀತಿದ್ದೀರಾ ಅತ್ತೆ?" ಎಂದಳು ಸರಳಾ. "ನಮ್ಮಮ್ಮನ ಗಿಡಾನ ಸಾಯಿಸ್ತಿರೋದು ನೀವೇ."

ಅತ್ತೆ ಬಟ್ಟೆ ಮಡಚಿಕೊಂಡು ಒಳಗೆ ಹೋದರು. ಅವಳು ಆವತ್ತೇ ಮಣ್ಣು ಬದಲಾಯಿಸಿದಳು. ಮಳೆಗಾಲವೂ ಬಂದು ಕೈ ಹಿಡಿಯಿತು. ಗಿಡ ಹಸಿರಾಯಿತು, ಕುಡಿ ಬಿಟ್ಟಿತು, ಒಂದು ಬೆಳಿಗ್ಗೆ ಬೊಗಸೆ ಮೊಗ್ಗು ಕೊಟ್ಟಿತು. ದೇವರ ಮುಂದಿನ ಮಣೆ ಮಾತ್ರ ಬರಿದಾಗಿಯೇ ಇತ್ತು. ಅತ್ತೆ ರಂಗೋಲಿ ಬಿಟ್ಟಿದ್ದರು. ಸರಳಾ ಅದನ್ನು ಕಂಡಿದ್ದಳು. ಆಮೇಲೆ ಮಾತಾಡಿದರಾಯಿತು ಎಂದು ದಿನವೂ ಟ್ರೈನಿಗೆ ಓಡಿದ್ದಳು. ದಣಿದವರಿಗೆ ಅಷ್ಟು ಕುರುಡು ಸಲೀಸಾಗಿ ಒದಗಿಬರುತ್ತದೆ.

ಮೊಗ್ಗಿನ ತಟ್ಟೆ, ದಾರ ಎರಡನ್ನೂ ಅತ್ತೆಯ ಮುಂದಿಟ್ಟಳು. ಹೂ ಕಟ್ಟುವುದರಲ್ಲಿ ಅವರ ಕೈ ಬಿಟ್ಟರಿಲ್ಲ. ಅವರು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ನೀನೇ ಕಟ್ಕೊಳಮ್ಮ. ನನ್ನ ಕೈ ಬೇಡ ಅದಕ್ಕೆ." ದಾರವನ್ನೂ ತಟ್ಟೆಗೆ ಹಾಕಿ ಹೇಳಿದರು. "ಮನೇಲಿ ಕರಿಬೇವಿನ ಗಿಡ ಇತ್ತು, ತುಳಸಿ ಇತ್ತು, ಅವಕ್ಕೆ ಹಾಕ್ಬಹುದಿತ್ತು. ನಿಮ್ಮಮ್ಮ ಕೊಟ್ಟಿದ್ದು ಅಂತ ಇದಕ್ಕೇ ಹಾಕ್ತಿದ್ದೆ ಕಣೇ. ದೇವರ ಮುಂದಿಂದು, ಚೆನ್ನಾಗಿ ಬರ್ಲಿ ಅಂತ."

ಸರಳಾಳಿಗೆ ದುಃಖ ಒತ್ತರಿಸಿ ಬಂತು. ಅಮ್ಮ ಹೋದಮೇಲೆ ಆ ಗಿಡವನ್ನು ತನ್ನಷ್ಟೇ ಅಕ್ಕರೆಯಿಂದ ನೋಡಿಕೊಂಡ ಇನ್ನೊಂದು ಜೀವ ಈ ಮನೆಯಲ್ಲೇ ಇತ್ತು, ಅದನ್ನೇ ತಾನು ಗದರಿಸಿ ಕೂರಿಸಿದ್ದಳು. ಕ್ಷಮಿಸಿ ಎನ್ನುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ಎದ್ದುಹೋಗಿ ಅಟ್ಟಕ್ಕೇರಿದ್ದ ರಂಗೋಲಿ ಡಬ್ಬಿ ಇಳಿಸಿ, ಧೂಳು ಒರೆಸಿ, ಮಣೆಯ ಪಕ್ಕದಲ್ಲಿಟ್ಟಳು.

"ನೀವು ಹಾಕಿ ಅತ್ತೆ. ಮಾರನೇ ದಿನ ಬಳಿದು ನನ್ನ ಬ್ಯಾಗಿಗೆ ಹಾಕಿಡಿ. ಸ್ಟೇಷನ್ನಿಗೆ ಹೋಗ್ತಾ ಸ್ವಲ್ಪ ಸುತ್ತಿದ್ರೆ ಕೆರೆ ಹತ್ರ ನಿರ್ಮಾಲ್ಯ ಕಲಶ ಇದೆ, ದೇವರ ಹೂವೆಲ್ಲ ಅಲ್ಲೇ ಹಾಕ್ತಾರೆ. ನಾನು ಹಾಕಿ ಹೋಗ್ತೀನಿ."

"ನಿನಗೆ ಇರೋ ಕೆಲಸ ಸಾಲ್ದಾ?" ಎಂದರು ಅತ್ತೆ. ಹೇಳುತ್ತಲೇ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಈಗ ಸರಳಾಳ ಬ್ಯಾಗಿನಲ್ಲಿ ಡಬ್ಬಿ, ಕೊಡೆ, ಅವುಗಳ ಜೊತೆಗೆ ಒಂದು ಪುಟ್ಟ ಪೊಟ್ಟಣ. ಬೆಳಿಗ್ಗೆ ಬಕೆಟ್ಟಿಗೆ ನಿಂಬೆಹಣ್ಣು ಹಿಂಡುವುದು ತಪ್ಪಿಲ್ಲ, ಏಕೆಂದರೆ ನಲ್ಲಿಯ ನೀರು ಹಾಗೆಯೇ ಇದೆ. ಕೆರೆಯ ಕಡೆ ಸುತ್ತಿ ಹೋಗುವಷ್ಟರಲ್ಲಿ ಅವಳ ಟ್ರೈನು ಎಷ್ಟೋ ಸಲ ತಪ್ಪುತ್ತದೆ. ಆಗ ಅವಳು ಕಾಮೋಠೆಯ ಮಾನಸರೋವರ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ, ಅತ್ತೆ ಕಟ್ಟಿ ಮುಡಿಸಿದ ಹೂ ಬಾಡುವ ಮೊದಲು ಕೂರಲು ಸೀಟು ಸಿಕ್ಕೀತೇ ಎಂದುಕೊಳ್ಳುತ್ತಾ ಮುಂದಿನ ಗಾಡಿಗೆ ಕಾಯುತ್ತಾಳೆ.