ಸುಮಾತ್ರದ್ದಲ್ಲದ ಕಣಜ

“ಯಾರೂ ಕಾಲೆತ್ತಬ್ಯಾಡ್ರಿ! ಇದ್ದಲ್ಲೇ ನಿಂದರ್ರಿ!”

ಆಶಾರಾಣಿಯ ಕೂಗಿಗೆ ಸಾವಿನ ಮನೆಯ ಅಳುವೂ ನಿಂತಿತು. ನಿಟ್ಟುವಳ್ಳಿಯ ಆ ಮನೆಯ ನಡುಮನೆಯಲ್ಲಿ ಅವಳ ಗುರು ಯಶೋದಾ ಮೇಡಂ ಅವರ ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಕೊರಳ ತುಂಬ ಚೆಂಡುಹೂವಿನ ಹಾರ. ಜಾಗ ಸಾಲದೆಂದು ಯಾರೋ ಕಪಾಟು ಸರಿಸಲು ಹೋಗಿ, ಮೇಲಿದ್ದ ಗಾಜುಮುಚ್ಚಳದ ಪೆಟ್ಟಿಗೆ ನೆಲಕ್ಕೆ ಬಿದ್ದು ಬಾಯಿ ತೆರೆದಿತ್ತು. ಒಳಗೆ ಸೂಜಿ ಚುಚ್ಚಿಟ್ಟ ಕಣಜಗಳು. ಒಂದರ ಹೊರತು ಎಲ್ಲವೂ ಇದ್ದಲ್ಲೇ ಇದ್ದವು. ಕಾಗದದ ಚೂರಿನ ತುದಿಗೆ ಅಂಟಿಸಿದ್ದ ಗಂಡು ಕಣಜ ಮಾತ್ರ ಕಿತ್ತುಹೋಗಿತ್ತು. ಗೋಧಿಕಾಳಿನಷ್ಟಿದ್ದ ಆ ಕಪ್ಪು ಹುಳ ಹೂವಿನೆಸಳು, ಮಂಡಕ್ಕಿ ಚೆಲ್ಲಿದ ನೆಲದಲ್ಲಿ ಎಲ್ಲಿ ಬಿತ್ತೋ.

“ಏನವ್ವ ಇದು, ಮಣ್ಣಿಗೆ ಹೊತ್ತಾತು,” ಎಂದಳು ಕಮಲಕ್ಕ. ಮೇಡಂ ಅವರ ಗಂಡ ಕುಬೇರಪ್ಪನ ಅಕ್ಕ. “ಹರಿಹರದಾಗ ಕುಣಿ ತೋಡಿ ಕಾಯ್ತಾ ಅದಾರ. ಹೋದ್ರ ಹೋತು, ಇನ್ನೊಂದು ಹಿಡ್ಕಂಡು ಬಾ.”

“ಆಗಲ್ಲ ಅಮ್ಮಾ. ಗಂಡು ಇದೊಂದೇ ಐತೆ.”

*

ಕುಬೇರಪ್ಪ ರಸ್ತೆ ಕೆಲಸದ ಇಂಜಿನಿಯರಾಗಿ ಕೆಲವು ವರ್ಷ ಅಂಡಮಾನಿನಲ್ಲಿದ್ದರು. ಅಲ್ಲಿ ಯಶೋದಾಗೆ ಮಾತಿಗೆ ಜನವಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಹಿತ್ತಿಲ ಗೋಡೆಯ ಮೇಲೆ ಕಣಜವೊಂದು ಕಂಡಿತು. ತನಗಿಂತ ದಪ್ಪನೆಯ ಜೇಡವನ್ನು ಕುಟುಕಿ, ಅದರ ಕಾಲುಗಳನ್ನು ಕತ್ತರಿಸಿ ಹಗುರ ಮಾಡಿಕೊಂಡು, ಮಣ್ಣಿನ ಪುಟ್ಟ ಗೂಡಿಗೆ ಎಳೆದೊಯ್ಯುತ್ತಿತ್ತು. ಮರಿಗೆ ಬುತ್ತಿ. ಅಂದು ಅನ್ನ ಸೀದುಹೋಯಿತು.

ಊರಿಗೆ ಮರಳುವಾಗ ಒಂದಿಷ್ಟು ಹೆಣ್ಣು ಕಣಜಗಳನ್ನು ತಂದರು. ಹರಿಹರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತ, ರಾತ್ರಿ ಹಗಲು ಅವುಗಳ ರೆಕ್ಕೆಯ ನರ ನೋಡಿದರು. ತಿಳಿದವರೆಲ್ಲ ಒಂದೇ ಮಾತು ಬರೆದರು: ಇದು ಸುಮಾತ್ರದ ಕಣಜ, ಹೊಸದೇನಲ್ಲ. ಮೇಡಂ ಒಪ್ಪಲಿಲ್ಲ. ವಾದಿಸಲೂ ಇಲ್ಲ. ಹೆಣ್ಣುಗಳು ಒಂದೇ ಥರ ಕಾಣುತ್ತವೆ, ಜಾತಿಯ ಗುಟ್ಟು ಗಂಡಿನ ಮೈಯಲ್ಲಿರುತ್ತದೆ, ಗಂಡು ಸಿಗಬೇಕು ಎಂದು ಕಾದರು. ಕಾಯುತ್ತಲೇ ಕಣ್ಣು ಮಂಜಾದವು.

ಹೋದ ವರ್ಷ ಶಿಷ್ಯೆ ಆಶಾರಾಣಿ ಆ ದ್ವೀಪಕ್ಕೆ ಹೋದಳು. ಮಣ್ಣಿನ ಗೂಡೊಂದನ್ನು ಡಬ್ಬಿಯಲ್ಲಿಟ್ಟು ಕಾದಳು. ಒಂದೇ ಗೂಡಿನಿಂದ ಹೆಣ್ಣುಗಳೂ ಬಂದವು, ಒಂದು ಗಂಡೂ ಬಂತು.

ಸೂಕ್ಷ್ಮದರ್ಶಕದ ಮುಂದೆ ಅವಳು ಕೂತರೆ, ಪಕ್ಕದಲ್ಲಿ ಮೇಡಂ ಕಣ್ಣುಮುಚ್ಚಿ ಕೂತರು.

“ಹೊಟ್ಟೆ ಅಡಿಯ ಕೊನೇ ತಟ್ಟೆ ನೋಡು. ತುದಿ ಹೆಂಗೈತೆ?”

“ಸೀಳೈತೆ ಮೇಡಂ.”

“ಸುಮಾತ್ರದ ಗಂಡಿನ ಚಿತ್ರದಾಗೆ?”

“ದುಂಡಗೈತೆ.”

“ಇನ್ನೊಂದ್ಸಲ ನೋಡು. ನನಗೆ ಖುಷಿಯಾಗ್ಲಿ ಅಂತ ಹೇಳಬ್ಯಾಡ. ಇದ್ದಂಗ ಹೇಳು.”

ಆಶಾರಾಣಿ ಬೆಳಕು ತಿರುಗಿಸಿ ಮತ್ತೆ ನೋಡಿದಳು. “ಸೀಳೇ ಮೇಡಂ. ಆಣೆಗೂ.”

ಮೇಡಂ ಕಣ್ಣು ತೆರೆದರು. ಆಮೇಲೆ ಒಳಗಿದ್ದ ಗಂಡನಿಗೆ, “ಏನ್ರೀ, ಸುಮಾತ್ರದ್ದಲ್ಲಂತ್ರಿ!” ಎಂದು ಕೂಗಿ ಹೇಳಿದರು.

*

ಹೊಸ ಜಾತಿಯೆಂದು ಇಡುವ ಹೆಸರು ನಿಲ್ಲಬೇಕಾದರೆ ಆ ಗಂಡು ಕಣಜ ಕಲ್ಕತ್ತೆಯ ಸಂಗ್ರಹಾಲಯ ಸೇರಬೇಕಿತ್ತು. ನಾಳೆ ಯಾರಾದರೂ ಅನುಮಾನಪಟ್ಟರೆ ತೆಗೆದು ನೋಡಲು ಇರಬೇಕಲ್ಲ. ಅದನ್ನೆಲ್ಲ ಈ ಜನಕ್ಕೆ ಹೇಗೆ ಹೇಳುವುದೆಂದು ತಿಳಿಯದೆ ಆಶಾರಾಣಿ ನಿಂತಿದ್ದಾಗ ಬಾಗಿಲಲ್ಲಿದ್ದ ನೆಂಟರೊಬ್ಬರು ಗೊಣಗಿದರು: “ಹೆಣ ಇಟ್ಕಂಡು ಹುಳ ಹುಡುಕಾದಾ?”

ಕುಬೇರಪ್ಪ ಹೆಂಡತಿಯ ಪಕ್ಕದಿಂದ ಮೆಲ್ಲನೆ ಮೊಣಕಾಲೂರಿ ನೆಲಕ್ಕೆ ಬಾಗಿದರು.

“ಆಕಿ ಮೂವತ್ತು ವರ್ಷ ಹುಡುಕಿದ್ಲಪ್ಪ,” ಎಂದರು. “ನಾವು ಇನ್ನೊಂದು ತಾಸು ಹುಡುಕಾನ.”

ಪಕ್ಕದ ಮನೆಯ ಅಮೀನಾಬೀ ಮೊಬೈಲಿನ ಬೆಳಕು ಹಿಡಿದು ಕೂತಳು. ಭಜನೆಯವರು ತಾಳ ಕೆಳಗಿಟ್ಟು ಒಳಬಂದು ಹೂವಿನ ಎಸಳುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಗೊಣಗಿದ ನೆಂಟರೂ ಪಂಚೆ ಎತ್ತಿಕಟ್ಟಿ ಕಪಾಟಿನ ಅಡಿಗೆ ತಲೆ ಹಾಕಿದರು.

“ಕಚ್ಚತೈತೇನು? ಒಮ್ಮಿ ಇಲ್ಲೇ ಹಿತ್ತಲದಾಗ ಕಡಿಸ್ಕಂಡು ವಾರಗಟ್ಲೆ ಕೈ ಊದಿತ್ತು ನಂದು,” ಎಂದಳು ಕಮಲಕ್ಕ.

“ಸತ್ತಿದ್ದು ಅಮ್ಮಾ. ಅದೂ ಅಲ್ದೆ ಗಂಡು ಕಚ್ಚಲ್ಲ. ಕೊಂಡಿ ಇರಾದು ಹೆಣ್ಣಿಗಷ್ಟೇ.”

“ನಮ್ಮ ವಂಶದಾಗೂ ಹಂಗೇ ಬಿಡು.”

ಯಾರೋ ಕಿಸಕ್ಕೆಂದರು. ಕುಬೇರಪ್ಪನ ಮುಖದ ಮೇಲೂ ಬೆಳಗಿನಿಂದ ಇಲ್ಲದ್ದೊಂದು ಸುಳಿದು ಹೋಯಿತು.

ಕಮಲಕ್ಕ ತಮ್ಮನ ಹೆಂಡತಿಯ ಸೀರೆಯ ನೆರಿಗೆ ಸರಿಮಾಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. “ಆಶಾ... ಇಲ್ಲಿ ನೋಡವ್ವ.”

ಮೊಣಕಾಲ ಮೇಲಿನ ಮಡಿಕೆಯಲ್ಲಿ, ಚೆಂಡುಹೂವಿನ ಎಸಳೊಂದರ ಕೆಳಗೆ ಅದು ಮಗ್ಗುಲಾಗಿ ಬಿದ್ದಿತ್ತು. ಆಶಾರಾಣಿ ಒದ್ದೆ ಕುಂಚದ ತುದಿಯಿಂದ ಎತ್ತಿ ಭೂತಗನ್ನಡಿಯಡಿ ಹಿಡಿದಳು. ಹಿಂಗಾಲೊಂದು ಮುರಿದಿತ್ತು. ಮೀಸೆಗಳೆರಡೂ ಇದ್ದವು.

“ಕೊನೇ ತಟ್ಟೆ?” ಕುಬೇರಪ್ಪ ಕೇಳಿದರು.

ಅವಳು ಬೆರಗಾಗಿ ಅವರತ್ತ ನೋಡಿದಳು. “ಹಂಗೇ ಐತೆ ಸರ್. ಸೀಳು ಕಾಣ್ತೈತೆ.”

“ಹಂಗಾದ್ರ ಅಂಟಿಸು. ಆಮ್ಯಾಲೆ ಎತ್ತಾನ.”

“ಏ, ಫ್ಯಾನ್ ಆರಿಸ್ರೋ!” ಕಮಲಕ್ಕ ಗದರಿದಳು.

ಫ್ಯಾನು ನಿಂತಿತು. ಏಪ್ರಿಲ್ ಧಗೆಗೆ ಎಲ್ಲರ ಹಣೆಯಿಂದ ಬೆವರಿಳಿಯುತ್ತಿತ್ತು. ಒರೆಸಿಕೊಳ್ಳಲು ಯಾರೂ ಕೈಯೆತ್ತಲಿಲ್ಲ. ಆಶಾರಾಣಿ ಹೊಸ ಕಾಗದದ ಚೂರಿನ ತುದಿಗೆ ಚುಕ್ಕೆಯಷ್ಟು ಅಂಟು ಇಟ್ಟು, ಕಣಜವನ್ನು ಅದರ ಮೇಲೆ ಇಳಿಸತೊಡಗಿದಳು. ಅವಳ ಭುಜಕ್ಕೆ ತಾಗಿ ಕೂತ ಕಮಲಕ್ಕ, ತನ್ನ ಉಸಿರಿಗೆ ಅದು ಹಾರಿಹೋದೀತೆಂದು, ಸೆರಗನ್ನು ಬಾಯಿಗೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು.