ನೀಲಿ ಮೇಲೆ, ಹಳದಿ ಕೆಳಗೆ

ಕಥೆ ಎಲ್ಲಿಂದ ಶುರು ಮಾಡೋಣ ಹೇಳಿ. ಯಲಹಂಕದ ರೈಲ್ವೆ ಗೇಟಿನಿಂದಲೋ, ತಲೆಯ ಮೇಲೆ ಗುಡುಗುವ ವಿಮಾನದಿಂದಲೋ? ಎರಡನ್ನೂ ಬರೆದೆ, ಎರಡನ್ನೂ ಹರಿದೆ. ಕೃಷ್ಣಯ್ಯ ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಿದ್ದಾರೆ. ಅವರು ಯಾವುದಕ್ಕೂ ತಲೆಯೆತ್ತುವವರಲ್ಲ.

೧

೧೯೬೪ರ ಏಪ್ರಿಲ್, ಮಧ್ಯಾಹ್ನ, ಸ್ಟಾಫ್ ರೂಮು. ಒಂಬತ್ತನೇ ಕ್ಲಾಸಿನ ಕೆಮಿಸ್ಟ್ರಿ. ಪ್ರಶ್ನೆ: ಹಸಿರು ಬಣ್ಣ ಬೆರಕೆಯೋ ಅಲ್ಲವೋ, ಕ್ರೊಮ್ಯಾಟೋಗ್ರಫಿಯಿಂದ ಹೇಗೆ ಪತ್ತೆ ಮಾಡುವಿರಿ? ಐದು ಅಂಕ.

ನಲವತ್ತು ಮಕ್ಕಳದೂ ಒಂದೇ ಉತ್ತರ. ಬ್ಲಾಟಿಂಗ್ ಪೇಪರಿನ ಪಟ್ಟಿಗೆ ಬಣ್ಣದ ಚುಕ್ಕೆ ಇಟ್ಟು ತುದಿಯನ್ನು ನೀರಿಗೆ ತಾಕಿಸಿದರೆ, ನೀರು ಮೇಲೇರುತ್ತ ಬಣ್ಣಗಳನ್ನು ಬಿಡಿಸುತ್ತದೆ. ಹಳದಿ ಮೇಲೆ, ನೀಲಿ ಕೆಳಗೆ. ಅಲ್ಪವಿರಾಮಗಳೂ ಅವೇ. ಮೇಷ್ಟ್ರು ಬರೆಸಿದ ನೋಟ್ಸು ತಾನೇ! (ಅವರು ಈ ಪ್ರಯೋಗವನ್ನು ಕಣ್ಣಾರೆ ಕಂಡವರಲ್ಲ. ಲ್ಯಾಬು ಅಂದರೆ ಒಂದು ಬೀರು, ಅದರ ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ.)

೨

ನಲವತ್ತೊಂದನೆಯದು ಫಖ್ರುನ್ನೀಸಾಳದು. ರೇಷ್ಮೆ ನೂಲಿಗೆ ಬಣ್ಣ ಹಾಕುವ ಮೆಹಬೂಬ್ ಪಾಷಾರ ಮಗಳು.

"ನಮ್ಮ ಅಬ್ಬಾ ಒದ್ದೆ ಬಿಳಿ ಬಟ್ಟೆಯ ಮೇಲೆ ಚಿಟಿಕೆ ಹಸಿರು ಪುಡಿ ಊದುತ್ತಾರೆ. ಬೆರಕೆಯಾದರೆ ನೀಲಿ ಚುಕ್ಕೆ, ಹಳದಿ ಚುಕ್ಕೆ ಬೇರೆಬೇರೆ ಕಾಣುತ್ತವೆ. ಅದೇ ಪುಡಿಯನ್ನು ಪೇಪರಿನಲ್ಲೂ ಮಾಡಿ ನೋಡಿದೆ. ನೀಲಿ ಮೇಲೆ ಹೋಯಿತು, ಹಳದಿ ಕೆಳಗೆ ಉಳಿಯಿತು. ಸಾರ್ ಹೇಳಿದ್ದು ಹಾಗಲ್ಲ. ನಾನು ನೋಡಿದ್ದನ್ನು ಬರೆದಿದ್ದೇನೆ."

ಅಧಿಕಪ್ರಸಂಗಿ! ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರು. ಒಟ್ಟು ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಫೇಲಾದರೆ ಸ್ಕೂಲು ಸಾಕು, ಬಣ್ಣದ ಕೆಲಸಕ್ಕೆ ಬಾ ಎಂದು ಅವಳ ಅಬ್ಬಾ ಹೇಳಿಯಾಗಿದೆ.

(ಇಲ್ಲಿ ಮೇಷ್ಟ್ರ ಕಣ್ಣು ಒದ್ದೆಯಾಯಿತು ಎಂದು ಬರೆದೆ. ಅವರು ರೇಗಿದರು. "ನಾನ್ಯಾಕ್ರೀ ಅಳ್ಬೇಕು? ನೋಟ್ಸ್ ಸರಿಯಾಗೇ ಇದೆ."

"ಮಾಡಿ ನೋಡಿದ್ದೀರಾ ಮೇಷ್ಟ್ರೇ?"

"ನೀವ್ ಕಥೆ ಬರೀರಿ. ಕೆಮಿಸ್ಟ್ರಿ ನನಗ್ ಬಿಡಿ."

ಆ ಸಾಲು ಹೊಡೆದುಹಾಕಿದೆ. ಆದರೆ ಮೇಷ್ಟ್ರಿಗೆ ಮುಳ್ಳು ಚುಚ್ಚಿತ್ತು.)

೩

ಸಂಜೆ ಮೇಷ್ಟ್ರೇ ಪಾಷಾರ ಮನೆಗೆ ಹೋಗಿ, ಏನೋ ನೆಪ ಹೇಳಿ, ಒಂದು ಪೊಟ್ಟಣ ಹಸಿರು ಪುಡಿ ತಂದರು. ಮರುದಿನ ಸ್ಟಾಫ್ ರೂಮಿನಲ್ಲಿ, ಟೀ ಲೋಟದ ನೀರಿಗೆ ಆ ಹಸಿರಿನ ಚುಕ್ಕೆ ಇಟ್ಟ ಪಟ್ಟಿ ಇಳಿಬಿಟ್ಟು ಕೂತರು.

"ಏನ್ ಮೇಷ್ಟ್ರೇ, ಲೋಟಕ್ಕೆ ಪೂಜೆನಾ?" ಎಂದರು ಡ್ರಾಯಿಂಗ್ ಮೇಷ್ಟ್ರು ಮುನಿಶಾಮಪ್ಪ.

ನೀಲಿ ಮೇಲೇರಿತು. ಹಳದಿ ಕೆಳಗೇ ಉಳಿಯಿತು. ಕೃಷ್ಣಯ್ಯನವರು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಆಗ ನೋಟ್ಸಿನಲ್ಲಿದ್ದಂತೆಯೇ ಕಂಡಿತು. ಒಂದು ಗಳಿಗೆ ಅವರಿಗೆ ನಿಜವಾಗಿಯೂ ಸಮಾಧಾನವಾಯಿತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

೪

ತಪ್ಪು ಅವರದೇ. ಆದರೆ ಈ ಸ್ಕೂಲಿನದೊಂದು ರೂಢಿ: ಒಮ್ಮೆ ಹಾಕಿದ ಅಂಕ ತಿದ್ದಬೇಕಾದರೆ, ಕ್ಲಾಸಿನ ಮುಂದೆ, ಹೆಡ್‌ಮಾಸ್ಟರ ಎದುರು ಕಾರಣ ಹೇಳಿಯೇ ತಿದ್ದಬೇಕು. ಹಿಂದೆ ಯಾರೋ ಗುಟ್ಟಾಗಿ ತಿದ್ದಿ ಭಾವಮೈದನನ್ನು ಪಾಸು ಮಾಡಿಸಿದ್ದರ ಪ್ರಸಾದ ಇದು.

ಒಂದು ಮುಕ್ತಾಯ: ಮೇಷ್ಟ್ರು ಬ್ಲೇಡಿನಿಂದ ಸೊನ್ನೆ ಕೆರೆದು ಐದು ಮಾಡಿದರು. ಹುಡುಗಿ ಪಾಸು, ಎಲ್ಲರೂ ಸುಖಿ. ನನಗಂತೂ ಹಿಡಿಸಿತ್ತು. ಅಷ್ಟರಲ್ಲಿ ಫಖ್ರುನ್ನೀಸಾ ನನ್ನ ಹಾಳೆಯೊಳಗೆ ಇಣುಕಿದಳು. "ಮುಂದಿನ ವರ್ಷದವ್ರಿಗೂ ಅದೇ ನೋಟ್ಸ್ ಕೊಡ್ತೀರಾ ಸಾರ್?"

ಇನ್ನೊಂದು: ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅವಳು ಬಣ್ಣದ ಕಡಾಯಿಯ ಮುಂದೆ ಕೂತಳು. ಇದನ್ನು ಬರೆಯಲು ನನ್ನ ಕೈ ಬರಲಿಲ್ಲ. ಮೇಷ್ಟ್ರೂ, ಪುಣ್ಯಾತ್ಮರು, "ಬೇಡ್ರೀ" ಅಂದರು.

೫

ಹಾಗಾಗಿ ಸೋಮವಾರ ಬೆಳಿಗ್ಗೆ. ಬಾಗಿಲಲ್ಲಿ ಹೆಡ್‌ಮಾಸ್ಟರು. ಮೇಷ್ಟ್ರ ಕೈಯಲ್ಲಿ ಒಂದೇ ಒಂದು ಪತ್ರಿಕೆ. ನಲವತ್ತೊಂದು ಮಕ್ಕಳು ಎದ್ದು ನಿಂತರು. ಮೇಷ್ಟ್ರು ಕೂತ್ಕೊಳ್ಳಿ ಅಂದರು. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ತಪ್ಪೊಪ್ಪಿಕೊಳ್ಳುವ ಮಾತು ಆಡಿದವರಲ್ಲ. ನನ್ನ ಕಡೆ ತಿರುಗಿದರು.

"ನೀವೇ ಬರೆದ್ಬಿಡಿ ಸ್ವಾಮಿ. ಒಂದೇ ಸಾಲು ತಾನೇ?"

ಒಂದೇ ಸಾಲು. ಬರೆಯಬಲ್ಲೆ, ಚೆನ್ನಾಗಿಯೇ ಬರೆಯಬಲ್ಲೆ. ಆದರೆ ನಾನು ಬರೆಸಿ ಅವರು ಒಪ್ಪಿಸಿದರೆ ಅದೂ ನೋಟ್ಸೇ ಆಯಿತಲ್ಲ?

"ಇಲ್ಲ ಮೇಷ್ಟ್ರೇ, ಇದನ್ನ ನೀವೇ ಹೇಳ್ಬೇಕು" ಎಂದು ಪೆನ್ನು ಕೆಳಗಿಟ್ಟೆ. ಅವರು ಕೋಟಿನ ಗುಂಡಿ ಹಾಕಿಕೊಂಡು, ಮೊದಲ ಬೆಂಚಿನಲ್ಲಿದ್ದ ಫಖ್ರುನ್ನೀಸಾಳನ್ನು ನೋಡಿ, ಬಾಯಿ ತೆರೆದರು.